ವಾರ್ಡ್ ಹೋಯ್ತು, ಮೋರಿ ಉಳೀತು

ಬೆಂಗಳೂರಿನ ಗೋವಿಂದರಾಜನಗರದ ಮಗ್ಗುಲಲ್ಲಿ ನಮ್ಮದೊಂದು ವಾರ್ಡ್ ಇತ್ತು. ಗಡಿ ಹೊಸದಾಗಿ ಎಳೆದಾಗ ಅಕ್ಕಪಕ್ಕದ ವಾರ್ಡುಗಳಿಗೆ ಹಂಚಿಹೋಯಿತು. ಅದರ ಆಫೀಸಿನಲ್ಲಿ ನಾನು ಗುಮಾಸ್ತ. ಬೆಳಿಗ್ಗೆ ಬೀಗ ತೆಗೆದರೆ, ಸಂಜೆಯೊಳಗೆ ಮನೆಯಲ್ಲಿ ಹೇಳಿಕೊಂಡು ನಗುವಂಥದ್ದು ಒಂದಾದರೂ ಸಿಗುತ್ತಿತ್ತು. ನಾನು ಕೂತ ಕುರ್ಚಿ ಅಲ್ಲಾಡಲಿಲ್ಲ, ವಾರ್ಡಿನ ನಂಬರು ಮಾತ್ರ ಎರಡು ಸಲ ಬದಲಾಯಿತು. ಎರಡನೇ ಸಲ ಬೋರ್ಡ್ ಬರೆಯಲು ಬಂದ ಪೇಂಟರ್ ಕೇಳಿದ, "ಸಾರ್, ಹೆಸರು ಪೇಂಟಲ್ಲಿ ಬರೀತೀನಿ. ನಂಬರಿಗೆ ಸೀಮೆಸುಣ್ಣ ಸಾಕಲ್ವಾ?"

ಗಡಿಯ ಮರ

ನಮ್ಮ ವಾರ್ಡಿನ ಗಡಿ ಒಂದು ರಸ್ತೆಯ ನಟ್ಟನಡುವೆ ಹಾದಿತ್ತು. ಒಂದು ದಿನ ಗಾಳಿಗೆ ಹೊಂಗೆಮರ ಅಡ್ಡಡ್ಡ ಬಿತ್ತು. ಬೇರು ನಮ್ಮ ಕಡೆ, ಕೊಂಬೆ ಪಕ್ಕದ ವಾರ್ಡಿನ ಕಡೆ. ಯಾರು ಕಡಿಯಬೇಕು ಅಂತ ಎರಡೂ ಆಫೀಸಿನವರು ಫೋನಿನಲ್ಲೇ ಮಧ್ಯಾಹ್ನ ಮಾಡಿದೆವು. ಅಲ್ಲೇ ರೊಟ್ಟಿ ಖಾನಾವಳಿ ನಡೆಸುವ ವಿಜಯಪುರದವರೊಬ್ಬರು ಬಂದು, ಕೈಕಟ್ಟಿ ನಿಂತು ಹೇಳಿದರು, "ಬೇರು ನಿಮ್ದ್ರಿ ಸಾಹೇಬ್ರ, ಟೊಂಗಿ ಅವರ್ದ್ರಿ. ನಡುವ ಸಿಕ್ಕೊಂಡಿರೋ ಗಾಡಿ ನಂದೈತ್ರಿ."

ಕುರ್ಚಿ

ಒಂದು ಚುನಾವಣೆಯಲ್ಲಿ ನಮ್ಮ ವಾರ್ಡ್ ಮಹಿಳಾ ಮೀಸಲಾಯಿತು. ನಿಲ್ಲಬೇಕು ಅಂತ ವರ್ಷಗಟ್ಟಲೆ ಓಡಾಡಿದ್ದ ಯಜಮಾನರೊಬ್ಬರು ಹೆಂಡತಿಯನ್ನು ನಿಲ್ಲಿಸಿದರು. ಆಯಮ್ಮ ಗೆದ್ದರು. ಹಳೇ ಊರಿನ ಒಕ್ಕಲಮನೆಯವರು, ಮಾತು ಕಡಿಮೆ. ಮೊದಲ ದಿನ ಯಜಮಾನರು ನೇರ ಹೋಗಿ ಮೆಂಬರ್ ಕುರ್ಚಿಯಲ್ಲಿ ಕೂತರು. ಆಯಮ್ಮ ಮೆತ್ತಗೆ, "ರೀ, ಅದು ನನ್ ಜಾಗ. ಏನಾದ್ರೂ ಕೆಲ್ಸ ಇದ್ರೆ ಸಾಲಲ್ಲಿ ಬನ್ನಿ," ಅಂದರು. ಯಜಮಾನರು ಎದ್ದರು. ನಿಜವಾಗಿಯೂ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಬರಿಗೈಲಿ ಹೋಗಲು ನಾಚಿಕೆಯಾಗಿ, ಮನೆಮುಂದಿನ ಬೀದಿದೀಪ ಉರೀತಿಲ್ಲ ಅಂತ ಅರ್ಜಿ ಬರೆದುಕೊಟ್ಟರು.

ಮುದ್ದೆ ಕೋಲು

ವಾರ್ಡ್ ಹೋದಮೇಲೆ ಆಯಮ್ಮನಿಗೆ ಮೆಂಬರ್‌ಗಿರಿಯೂ ಇರಲಿಲ್ಲ. ನನಗೂ ನಿವೃತ್ತಿಯಾಗಿತ್ತು. ನಮ್ಮ ಬೀದಿ ತಗ್ಗಿನದು. ಹಿಂದಿನ ಮಳೆಗಾಲದಲ್ಲಿ ನೀರು ಒಳಗೆ ನುಗ್ಗಿ, ಮಂಚದ ಮೇಲೆ ಕೂತು ಬೆಳಗು ಮಾಡಿದ್ದೆವು. ಅಂತೂ ಹೊಸ ಮೋರಿ ಅಗೆಯಲು ಬಂದರು. ಮೂರಡಿ ಆಳ ಇರಬೇಕಿತ್ತು. ಆಳ ಸಾಲದು ಅಂತ ನಾವು ಹೇಳಿದರೆ ಕಂಟ್ರಾಕ್ಟರು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾರನೇ ದಿನವೇ ಕಾಂಕ್ರೀಟ್ ಸುರಿಯುವವನಿದ್ದ.

ಹೋಗಿ ಆಯಮ್ಮನಿಗೆ ಹೇಳಿದೆ. ಒಲೆ ಮುಂದಿದ್ದವರು ಹಾಗೇ ಎದ್ದು ಬಂದರು, ಕೈಯಲ್ಲಿ ಮುದ್ದೆ ಕೋಲು. ಕಂಟ್ರಾಕ್ಟರು ನಕ್ಕ. "ಮೇಡಂ, ನೀವೀಗ ಮೆಂಬರ್ ಅಲ್ಲ. ಆ ವಾರ್ಡೇ ಇಲ್ಲ."

"ವಾರ್ಡ್ ಇಲ್ದೆ ಇರ್ಲಪ್ಪ. ಮೋರಿ ಐತಲ್ಲ," ಅಂದು ಆಯಮ್ಮ ಅಗೆದ ಗುಂಡಿಯಲ್ಲಿ ಕೋಲು ನಿಲ್ಲಿಸಿದರು. ಎರಡಡಿ ಕೋಲು, ಅರ್ಧ ಮೇಲೇ ಕಾಣುತ್ತಿತ್ತು. ಬೀದಿಯವರೆಲ್ಲ ಸುತ್ತ ನಿಂತರು. ಆಯಮ್ಮ ಕೋಲು ಹಿಡಿದು ನಿಂತೇ ಇದ್ದರು. ಸ್ವಲ್ಪ ಹೊತ್ತಿಗೆ ಅವನೇ ಆಳುಗಳಿಗೆ, "ಇನ್ನೂ ಇಳಿಸ್ರೋ," ಅಂದ. ಯಾವ ಅಧಿಕಾರವೂ ಇಲ್ಲದ ಆ ಹೆಂಗಸನ್ನು ನೋಡುತ್ತ ನನಗೆ ಮೈ ಜುಮ್ಮೆಂದಿತು. ಆ ಮಳೆಗಾಲ ನಮ್ಮ ಹೊಸ್ತಿಲೂ ನೆನೆಯಲಿಲ್ಲ.

ಮೋರಿ ಅಳೆದ ದಿನವೇ ಆಯಮ್ಮ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು, ಅದೇ ಕೋಲು ಹಿಡಿದು ನೇರ ಒಲೆ ಮುಂದೆ ನಡೆದರು. ಬಾಗಿಲಲ್ಲೇ ಯಜಮಾನರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಪಿಸುಗುಟ್ಟಿದರು:

"ಸಾರ್, ನೀವು ಅನ್ನಾನೇ ಕೇಳಿ. ಆಮೇಲೆ ನಾನೂ ಕೇಳ್ತೀನಿ."