ಬೀಜದ ನೀರುಳ್ಳಿ ಮಾರಿ, ಮೇಲಿಂದ ನಕ್ಕ ಬಗ್ಗೆ

ಇಂದ,
ಸುಚಿತಾ ಜಟ್ಟ ಹರಿಕಂತ್ರ,
ಬಿ.ಕಾಂ. ಎರಡನೇ ವರ್ಷ (ಫಲಿತಾಂಶ ಬಾಕಿ, ಭರವಸೆಯೂ ಬಾಕಿ),
ಕಾಗಾಲ, ಕುಮಟಾ ತಾಲೂಕು.
(ಇನ್ನು ಮುಂದೆ "ಅರ್ಜಿದಾರಳು" ಎಂದು ಕರೆಯಲ್ಪಡುವವಳು. ಬೇರೆ ಹೆಸರಿನಿಂದ ತಾವು ಈಚೆಗೆ ಕರೆಯುತ್ತಿಲ್ಲವಾದ ಕಾರಣ.)

ಗೆ,
ಕುಮಾರಿ ಕಲ್ಪನಾ ದುರ್ಗ ಗೌಡ,
ಅಡ್ಮಿನ್, "ಉಪ್ಪು-ಖಾರ" ವಾಟ್ಸಾಪ್ ಗ್ರೂಪ್ (ಸದಸ್ಯರು ಮೊದಲು ಹದಿನಾಲ್ಕು, ಸದ್ಯ ಹದಿಮೂರು),
ನೀರುಳ್ಳಿ ಚಪ್ಪರ, ಹೆದ್ದಾರಿ ಬದಿ, ಹಂದಿಗೋಣ.

ವಿಷಯ: ಕಡಿತಗೊಳಿಸಲಾದ ಗೆಳೆತನಕ್ಕೆ ಮರುಸಂಪರ್ಕ ನೀಡುವ ಬಗ್ಗೆ.

ಉಲ್ಲೇಖ:
1. ಮೇ ನಾಲ್ಕರ ಮಧ್ಯಾಹ್ನ ಅರ್ಜಿದಾರಳು ಸದರಿ ಗ್ರೂಪಿಗೆ ಹಾಕಿದ ಐವತ್ತೆರಡು ಸೆಕೆಂಡಿನ ವಾಯ್ಸ್ ಮೆಸೇಜು.
2. ಅದೇ ದಿನ ಸಂಜೆ ಅರ್ಜಿದಾರಳನ್ನು ಗ್ರೂಪಿನಿಂದ ಕಿತ್ತುಹಾಕಿದ ತಮ್ಮ ಆದೇಶ.
3. ಅಂದಿನಿಂದ ಇಂದಿನವರೆಗಿನ ತಮ್ಮ ಮೌನ, ಒಟ್ಟು ದಿನ ಒಂಬತ್ತು.

ಮಾನ್ಯ ಅಡ್ಮಿನ್‌ರವರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಫೋನು ಎತ್ತದ, ಮೆಸೇಜು ನೋಡಿಯೂ ನೋಡದಂತಿರುವ, ಬಸ್ಸಿನಲ್ಲಿ ಎದುರಾದರೆ ಕಿಟಕಿಯಾಚೆ ತೆಂಗಿನಮರ ಎಣಿಸುವ ತಮ್ಮನ್ನು ತಲುಪಲು ಬೇರೆ ದಾರಿ ಕಾಣದ ಕಾರಣ, ಅರ್ಜಿದಾರಳು ಈ ಕೆಳಗಿನ ಸಂಗತಿಗಳನ್ನು ಬಿಳಿ ಹಾಳೆಯಲ್ಲಿ ಬರೆದು ತಮ್ಮ ಅವಗಾಹನೆಗೆ ತರುತ್ತಾಳೆ.

1. ಅರ್ಜಿದಾರಳು ಮೀನಿನ ಮನೆಯವಳು, ತಾವು ನೀರುಳ್ಳಿ ಮನೆಯವರು. ಹೈಸ್ಕೂಲಿನ ಮೊದಲನೇ ದಿನ ಒಂದೇ ಬೆಂಚಿನಲ್ಲಿ ಕೂರಿಸಿದಾಗ ತಾವು ಮೂಗು ಮುಚ್ಚಿಕೊಂಡು "ಎಂತ ಮಾರಾಯ್ತಿ, ನಿನ್ನ ಚೀಲದಲ್ಲಿ ಒಣಸಿಗಡಿ ಇಟ್ಕಂಡಿದ್ಯಾ?" ಎಂದು ಕೇಳಿದ್ದೂ, ಅರ್ಜಿದಾರಳು "ನಿನ್ನ ಬಾಯಿಂದ ಎಂತ ಮಲ್ಲಿಗೆ ಬರ್ತದ್ಯಾ?" ಎಂದು ಉತ್ತರಿಸಿದ್ದೂ, ಇಬ್ಬರನ್ನೂ ಒಟ್ಟಿಗೇ ಬಾಗಿಲ ಹೊರಗೆ ನಿಲ್ಲಿಸಿದ್ದೂ ಸರಿಯಷ್ಟೆ. ಗೆಳೆತನ ಚಾಲ್ತಿಗೆ ಬಂದದ್ದು ಅಂದಿನಿಂದ, ಅದೇ ಬಾಗಿಲ ಹೊರಗೆ.

2. ಬೇಸಿಗೆಯಲ್ಲಿ ತಮ್ಮ ಮನೆಯವರು ಹೆದ್ದಾರಿ ಬದಿ ತೆಂಗಿನ ಮಡಲಿನ ಚಪ್ಪರ ಹಾಕಿ, ಸಿಹಿ ನೀರುಳ್ಳಿಯನ್ನು ಅದರ ಸೊಪ್ಪಿನಿಂದಲೇ ಜಡೆ ಹೆಣೆದು, ಸಾಲಾಗಿ ತೂಗುಹಾಕಿ ಮಾರುವುದು ವಾಡಿಕೆ. ಅರ್ಜಿದಾರಳು ಯಾರೂ ನೇಮಿಸದೆ, ಯಾರೂ ಕರೆಯದೆ, ರಜೆ ಶುರುವಾದ ಮಾರನೇ ದಿನದಿಂದ ಬೆಳಗಿನ ಬಸ್ಸಿಗೆ ಬಂದು ಸದರಿ ಚಪ್ಪರದಲ್ಲಿ ಕೆಳಕಂಡ ಸೇವೆ ಸಲ್ಲಿಸುತ್ತ ಬಂದಿದ್ದಾಳೆ: ಮಾವಿನಕಾಯಿ ಹೆಚ್ಚಿ ಉಪ್ಪು-ಖಾರ ಸವರುವುದು; ನಿಂತ ಕಾರಿನ ಒಳಗೆ ಗಂಡ-ಹೆಂಡಿರಲ್ಲಿ ಯಾರ ಮಾತು ನಡೆಯುತ್ತದೆ ಎಂದು ದೂರದಿಂದಲೇ ಹೇಳುವುದು; ಮತ್ತು ಯಾಣಕ್ಕೆ ಹೋಗುವ ದಿನ ಗೊತ್ತು ಮಾಡಿ, ಆ ದಿನ ಬಂದಾಗ ಮುಂದೂಡುವುದು. (ಯಾಣ ಪ್ರವಾಸ ಇಲ್ಲಿಯವರೆಗೆ ಏಳು ಬಾರಿ ಮುಂದೂಡಲ್ಪಟ್ಟಿದೆ. ಬಂಡೆಗಳು ಅಲ್ಲೇ ಇವೆ ಎಂದು ನಂಬಲಾಗಿದೆ.)

3. ಇನ್ನು ತಮ್ಮ ವ್ಯಾಪಾರದ ರೀತಿ. ಬೆಂಗಳೂರಿನ ಹೆಂಗಸೊಬ್ಬರು ಕಾರು ನಿಲ್ಲಿಸಿ, ಒಂದು ಜಡೆ ಎತ್ತಿ ನೋಡಿ "ಇದು ಚೆನ್ನಾಗಿದ್ಯಾ?" ಎಂದಾಗ ತಾವು, "ಅದಕ್ಕೆ ಸಲ್ಪ ನೀರು ತಾಗ್ಯದೆ ಅಕ್ಕ, ಬೇಗ ಕೊಳೀತದೆ. ಮುಂದಿನ ಚಪ್ಪರದಲ್ಲಿ ಒಣಗಿದ್ದು ಅದೆ, ಅಲ್ಲಿ ನೋಡಿ" ಎಂದಿರಿ. ಅವರು ಅಲ್ಲಿ ನೋಡಿದರು, ಅಲ್ಲೇ ತಗೊಂಡರು, ತಮಗೆ ಕೈಬೀಸಿ ಹೋದರು.

"ಏ ಕಲ್ಪಿ, ನೀ ಅಂಗಡಿ ಇಟ್ಟದ್ದಾ, ವಿಚಾರಣೆ ಕೌಂಟರ್ ಇಟ್ಟದ್ದಾ?" ಎಂದು ಅರ್ಜಿದಾರಳು ಕೇಳಿದ್ದಕ್ಕೆ, "ನೀರು ತಾಗಿದ್ದಕ್ಕೆ ತಾಗ್ಯದೆ ಅಂತ ಹೇಳೂದಲ್ದೆ ಮತ್ತೆಂತ ಹೇಳೂದೆ?" ಎಂದು ತಾವು ಮಾವಿನಕಾಯಿ ಚೀಪುತ್ತ ಕೂತಿರಿ.

4. ಮೇ ಮೊದಲ ವಾರ, ಮಳೆಗೆ ಮುಂಚೆ ತಮ್ಮ ಮನೆಯ ಹಂಚು ಇಳಿಸಿ ರಿಪೇರಿಗೆ ತೊಡಗಿದ್ದರಿಂದ, ಯಾವಾಗಲೂ ಒಲೆಯ ಮೇಲಿನ ಹೊಗೆಯಲ್ಲಿ ತೂಗುವ ಬೀಜದ ಜಡೆಯನ್ನು ತಮ್ಮ ಅಜ್ಜಿ ಸೋಮಜ್ಜಿಯವರು ತಾತ್ಕಾಲಿಕವಾಗಿ ಚಪ್ಪರದ ಹಿಂದಿನ ಕಂಬಕ್ಕೆ ವರ್ಗಾಯಿಸಿದ್ದರು. ಇಡೀ ಗದ್ದೆಯಲ್ಲಿ ಆರಿಸಿ ಆರಿಸಿ ತೆಗೆದ ಇಪ್ಪತ್ನಾಲ್ಕು ಗಡ್ಡೆ. ಮಳೆಗಾಲ ಕಳೆದ ಮೇಲೆ ಅವನ್ನೇ ಊರಿ, ಹೂ ಬಿಡಿಸಿ, ಬೀಜ ಮಾಡುವುದು. ಸೋಮಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ ತಳಿ. ಮಾರುವುದಲ್ಲ ಎಂಬುದಕ್ಕೆ ಗುರುತಾಗಿ ಹಳೇ ಸೀರೆಯ ಕೆಂಪು ಚಿಂದಿ ಕಟ್ಟಿತ್ತು. ಇದು ಹಂದಿಗೋಣದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಅರ್ಜಿದಾರಳು ಹಂದಿಗೋಣದವಳಲ್ಲ. ಕೆಂಪು ಚಿಂದಿಯನ್ನು ಅವಳು ಶೃಂಗಾರ ಎಂದುಕೊಂಡಳು.

5. ಮೇ ನಾಲ್ಕರಂದು ತಾವು "ಐಸ್‌ಕ್ಯಾಂಡಿ ತರ್ತೆ, ಯಾರಾರೂ ಬಂದ್ರೆ ಕೂರ್ಸ್ಕಂಡಿರು, ನೀ ಮಾರೂಕೆ ಹೋಗಬೇಡ" ಎಂದು ಸ್ಪಷ್ಟ ಮೌಖಿಕ ಆದೇಶ ಕೊಟ್ಟು ಹೋದಿರಿ. ಆದೇಶ ಹೊರಬಿದ್ದ ಐದನೇ ನಿಮಿಷಕ್ಕೆ ಹುಬ್ಬಳ್ಳಿ ಕಡೆಯ ಬಿಳಿ ಕಾರೊಂದು ಬಂದು ನಿಂತಿತು.

"ತಂಗಿ, ಆ ಹಿಂದ ತೂಗಾಕತ್ತೈತಲ್ಲ, ಅದನ್ನ ಕೊಡ್ತೀಯೇನ? ಕಾಯ್ಕಿಣಿಗೆ ಬೀಗರ ಮನಿಗೆ ಹೊಂಟೀವಿ, ಕೈಯಾಗ ಏನರ ಚಲೋದು ಬೇಕು."

"ಅದು ನೀರುಳ್ಳಿ ಅಲ್ಲ ಸರ್, ಮಹಾರಾಣಿ! ಬೀಗರು ಇದನ್ನ ನೋಡಿದ್ರೆ ಕಾಫಿಗೆ ಎರಡು ಚಮಚ ಸಕ್ರೆ ಜಾಸ್ತಿ ಹಾಕ್ತಾರೆ" ಎಂದು ಹೇಳಿ ಅರ್ಜಿದಾರಳು ಜಡೆ ಇಳಿಸಿದಳು. ಚಿಂದಿಯನ್ನು ಬಿಚ್ಚದೆ, ಹೂವಿನ ಹಾಗೆ ಗಂಟು ಕಟ್ಟಿಕೊಟ್ಟಳು.

6. ಇಲ್ಲಿ ಅರ್ಜಿದಾರಳ ಸಮಜಾಯಿಷಿ ಏನೆಂದರೆ, ಮೀನಿನ ಬುಟ್ಟಿಯಲ್ಲಿ ಅತಿ ಒಳ್ಳೆಯದನ್ನು ಮೇಲಿಟ್ಟು ಮೊದಲು ಮಾರುವುದು ಅವಳ ಅಬ್ಬೆ, ಅಜ್ಜಿ, ಮುತ್ತಜ್ಜಿಯರ ಪದ್ಧತಿ. ಹೊತ್ತು ಏರಿದರೆ ದುಬಾರಿ ಇಸೋಣವೂ ಒಂದೇ, ಅಗ್ಗದ ತಾರ್ಲಿಯೂ ಒಂದೇ. ಮುಂದಿನ ವರ್ಷಕ್ಕೆಂದು ಬೀಜದ ಬಂಗಡೆ ತೆಗೆದಿಟ್ಟ ಹರಿಕಂತ್ರರನ್ನು ಅರ್ಜಿದಾರಳು ಕಂಡಿಲ್ಲ. ಆದಕಾರಣ ಒಳ್ಳೆಯದನ್ನು ಮಾರದೆ ಇಡುವ ಮನುಷ್ಯರೂ ಇರುತ್ತಾರೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಇದು ತಪ್ಪು. ಆದರೆ ಹುಟ್ಟಿನಿಂದ ಬಂದ ತಪ್ಪು.

7. ಮುಂದೆ ಮಾಡಿದ್ದಕ್ಕೆ ಹುಟ್ಟಿನ ಮೇಲೆ ಹೊರೆ ಹಾಕುವಂತಿಲ್ಲ. ಗೆದ್ದ ಅಮಲಿನಲ್ಲಿ ಅರ್ಜಿದಾರಳು ಉಲ್ಲೇಖ ಒಂದರ ಮೆಸೇಜು ಕಳಿಸಿದಳು. ಅದರ ಯಥಾಪ್ರತಿ: "ಕೇಳ್ರೋ ಎಲ್ಲಾರೂ! ನಮ್ಮ ಕಲ್ಪನಾ ಬೆಳಗಿಂದ ಕೂತು ಒಂದೇ ಒಂದು ಜಡೆ ಮಾರಿಲ್ಲ. ಬಂದವರನ್ನೆಲ್ಲ ಪಕ್ಕದ ಚಪ್ಪರಕ್ಕೆ ಕಳಿಸೂದೇ ಅವಳ ಕೆಲ್ಸ. ನಾ ಐದು ನಿಮಿಷ ನಿಂತೆ, ಇದ್ದದ್ರಲ್ಲೇ ದೊಡ್ಡದನ್ನ ಮಾರಿ ತೆಗೆದೆ! ಅವಳನ್ನ ಇಲ್ಲಿಂದ ಎಬ್ಬಿಸಿ ಕಂಬಕ್ಕೆ ಕಟ್ಟಿ, ಗಿರಾಕಿ ಜಾಸ್ತಿ ಬರ್ತಾರೆ." ನಂತರ ಹದಿನೈದು ಸೆಕೆಂಡು ಅರ್ಜಿದಾರಳ ನಗು. ಹನ್ನೆರಡು ಮಂದಿ ಸದಸ್ಯರು ಕಣ್ಣೀರು ಬರುವಂತೆ ನಗುವ ಮುಖ ಹಾಕಿದರು.

ತಾವು ಎರಡು ಐಸ್‌ಕ್ಯಾಂಡಿ ಹಿಡಿದು ಬಂದಾಗ ಮೆಸೇಜು ಆಗಲೇ ಕೇಳಿಯಾಗಿತ್ತು. ಒಂದನ್ನು ಅರ್ಜಿದಾರಳ ಕೈಗೆ ಕೊಟ್ಟಿರಿ. ಕಂಬ ನೋಡಿದಿರಿ.

"ಕೆಂಪು ಚಿಂದಿದು ಎಲ್ಲಿ?"

"ಅದೇ ಅಲ್ವನೇ ನಾ ಮಾರಿದ್ದು!"

"ಅದು ಬೀಜದ್ದು, ಸುಚಿ."

ಇದು ತಮ್ಮ ಬಾಯಿಂದ ಅರ್ಜಿದಾರಳು ಕೇಳಿದ ಕೊನೆಯ ಮಾತು. ತಮ್ಮ ಕೈಯ ಐಸ್‌ಕ್ಯಾಂಡಿ ಕರಗಿ ಮೊಣಕೈವರೆಗೆ ಇಳಿದರೂ ತಾವು ಅದನ್ನು ತಿನ್ನಲಿಲ್ಲ.

8. ಮರುದಿನ ಬೆಳಿಗ್ಗೆಯೇ ಅರ್ಜಿದಾರಳು ತನ್ನ ಚಿಕ್ಕಪ್ಪನ ಮಗ ಜಗದೀಶನ ಸ್ಕೂಟರಿನ ಹಿಂದೆ ಕೂತು ಕಾಯ್ಕಿಣಿಗೆ ಹೊರಟಳು. ಹೊನ್ನಾವರದ ಸೇತುವೆ ದಾಟುವಾಗ ಜಗದೀಶ, "ನೀವಿಬ್ರೂ ಮಾತಾಡಿದ್ರೂ ನಂಗೆ ತಲೆಬಿಸಿ, ಮಾತು ಬಿಟ್ರೂ ನಂಗೇ ತಲೆಬಿಸಿ. ಇಲ್ಲೇ ಹೊಳೆಗೆ ದೂಡ್ತೆ ನೋಡು" ಎಂದ. ಆದರೂ ದೂಡಲಿಲ್ಲ. ಕಾಯ್ಕಿಣಿಯಲ್ಲಿ ಹುಬ್ಬಳ್ಳಿ ಬೀಗರು ಬಂದ ಮನೆ ಯಾವುದೆಂದು ಮೂರು ಕಡೆ ವಿಚಾರಿಸಿದಾಗ, ಮೂರು ಕಡೆಯವರೂ ಅಲ್ಲಿ ಮಾಡಿದ ಊಟದ ಸಮೇತ ದಾರಿ ಹೇಳಿದರು. ಅದು ಮೋಹನ ಎಂಬವರ ಮನೆ.

ಸಂಗತಿ ಕೇಳಿ ಮೋಹನನ ತಾಯಿ ಬಾಯಿಗೆ ಸೆರಗು ಹಿಡಿದರು. "ಅಯ್ಯೋ ತಂಗಿ, ಬೀಜದ್ದಾ? ನಿನ್ನೆ ಸಾರಿಗೂ ಹಾಕಿದೆ, ಬಜ್ಜಿಗೂ ಹಾಕಿದೆ! ಬೀಗರು ತಟ್ಟೆ ನೆಕ್ಕಿದ್ರು, ನಾ ನನ್ನ ಕೈಗುಣ ಅಂದ್ಕಂಡೆ!" ಉಳಿದ ಏಳು ಗಡ್ಡೆಗಳನ್ನು ಅವರು ಕೆಂಪು ಚಿಂದಿಯಲ್ಲೇ ಕಟ್ಟಿಕೊಟ್ಟರು. ಇನ್ನಷ್ಟನ್ನು ಮೋಹನ ಭಟ್ಕಳದಲ್ಲಿ ತನ್ನ ಅಂಗಡಿಯ ಪಕ್ಕದ ಮನೆಗೆ ಕೊಟ್ಟಿದ್ದಾನೆ ಎಂದೂ ತಿಳಿಸಿದರು.

9. ಭಟ್ಕಳದ ಆ ಮನೆಯಲ್ಲಿ ಹಿರಿಯ ಅಮ್ಮನೊಬ್ಬರು ಮಣೆ ಮೇಲೆ ಕೂತು ಬಿರಿಯಾನಿಗೆ ನೀರುಳ್ಳಿ ಸುಲಿಯುತ್ತಿದ್ದರು. ಅರ್ಜಿದಾರಳು ಬಾಗಿಲಲ್ಲೇ "ಅಮ್ಮ, ಚೂರಿ ನಿಲ್ಸಿ!" ಎಂದು ಕೂಗಿದ್ದು ಸಭ್ಯತೆಗೆ ತಕ್ಕದ್ದಲ್ಲ. ಆದರೆ ಅದರಿಂದ ನಾಲ್ಕು ಗಡ್ಡೆ ಉಳಿದವು. ಪೂರ್ತಿ ಕಥೆ ಕೇಳಿದ ಅವರು ನೀರುಳ್ಳಿಯಿಂದಲೋ ನಗುವಿನಿಂದಲೋ ಕಣ್ಣೊರೆಸಿಕೊಂಡು, "ದೋಸ್ತಿ ಮಾಡೂಕೆ ಹೊರಟವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಕೂತ್ಕೊಳ್ಳಿ, ತಿಂದೇ ಹೋಗಬೇಕು" ಎಂದರು. ತಿಂದಾಯಿತು. ಜಗದೀಶ ಎರಡು ಸಲ ತಿಂದು, ಮುಂದೆ ಇಂಥ ಜಗಳ ಇದ್ದರೆ ಮೊದಲೇ ತಿಳಿಸು ಎಂದಿದ್ದಾನೆ.

10. ಅದೇ ಸಂಜೆ ಹನ್ನೊಂದು ಗಡ್ಡೆಗಳನ್ನು ಸೋಮಜ್ಜಿಯವರ ಮಡಿಲಿಗೆ ಹಾಕಿ ಅರ್ಜಿದಾರಳು ತಲೆ ತಗ್ಗಿಸಿ ನಿಂತಳು. ಅವರು ಒಂದೊಂದನ್ನೇ ಮೂಸಿ, ಹಿಚುಕಿ ನೋಡಿದರು. "ಉಳಿದದ್ದು ತಿಂದ್ರಾ? ರುಚಿ ಅಂದ್ರಾ?"

"ತಟ್ಟೆ ನೆಕ್ಕಿದ್ರಂತೆ, ಅಜ್ಜಿ."

"ಆತು ಬಿಡು. ಬೀಜಕ್ಕೆ ಇಷ್ಟು ಸಾಕು. ನಾ ತವರಿಂದ ತಂದದ್ದು ಐದೇ."

ಅರ್ಜಿದಾರಳಿಗೆ ಹೋದ ಜೀವ ಬಂತು. "ಹಂಗಾರೆ ಕಲ್ಪಿನ್ನ ಕರೀರಿ ಅಜ್ಜಿ, ಮುಗೀತಲ್ಲ" ಎಂದಳು. ತಾವು ಒಳಗಿನ ಕೋಣೆಯಲ್ಲಿದ್ದಿರಿ. ಬಾಗಿಲಡಿ ತಮ್ಮ ಕಾಲಿನ ನೆರಳು ಕಾಣುತ್ತಿತ್ತು. ಹೊರಗೆ ಬರಲಿಲ್ಲ. ಆಗ ಸೋಮಜ್ಜಿ ಹೇಳಿದ್ದು: "ನೀರುಳ್ಳಿ ನಂದು, ಅದ್ರದ್ದು ಮುಗೀತು. ಊರೆಲ್ಲ ಕೇಳೂ ಹಂಗೆ ನೀ ನಗಾಡಿದ್ದು ನೀರುಳ್ಳಿನ್ನಲ್ಲ, ಅವಳನ್ನ. ಅದನ್ನ ನೀ ಎಲ್ಲಿಂದ ತಿರುಗಿ ತರ್ತ್ಯೋ, ನಂಗೊತ್ತಿಲ್ಲ ಹುಡ್ಗಿ."

11. ಅಂದಿನಿಂದ ಅರ್ಜಿದಾರಳು ಚಪ್ಪರದ ಕಡೆ ಸುಳಿಯದೆ, ಬೇಸಿಗೆ ಎಂದರೆ ಏನು ಎಂದು ಪರಿಶೀಲಿಸಿದ್ದಾಳೆ. ಮಾವಿನಕಾಯಿ ಅದೇ ಮರದ್ದು, ಖಾರದ ಪುಡಿ ಅದೇ ಡಬ್ಬಿಯದ್ದು. ಒಬ್ಬಳೇ ತಿಂದರೆ ಬರೀ ಹುಳಿ. ಬಸ್ಸಿನ ಕಿಟಕಿಯಿಂದ ನೋಡಿದರೆ ಹೆದ್ದಾರಿಯಲ್ಲಿ ಕಾರುಗಳು ಈಗಲೂ ನಿಲ್ಲುತ್ತವೆ. ಒಳಗೆ ಯಾರ ಮಾತು ನಡೆಯುತ್ತದೆಂದು ಗೊತ್ತಾದರೂ ಹೇಳಲು ಪಕ್ಕದಲ್ಲಿ ಜನವಿಲ್ಲ. ಮತ್ತೂ ಒಂದು ಸಂಗತಿ ಪರಿಶೀಲನೆಯಲ್ಲಿ ಕಂಡುಬಂದಿದೆ: ನೀರು ತಾಗಿದ್ದಕ್ಕೆ ತಾಗಿದೆ ಎಂದು ತಾವು ಹೇಳುವುದು ವ್ಯಾಪಾರ ಬಾರದ್ದರಿಂದ ಅಲ್ಲ. ಹಾಗೆ ಹೇಳುವ ಧೈರ್ಯ ಅರ್ಜಿದಾರಳಿಗೆ ಇಲ್ಲದ್ದರಿಂದ ಅವಳು ಅದಕ್ಕೆ ನಕ್ಕಳು.

12. ಹದಿಮೂರು ಜನರ ಎದುರು ನಕ್ಕಿದ್ದಕ್ಕೆ ಅದೇ ಹದಿಮೂರು ಜನರ ಎದುರು ತಪ್ಪು ಒಪ್ಪಿಕೊಳ್ಳುವುದು ನ್ಯಾಯ. ಆದರೆ ಅರ್ಜಿದಾರಳನ್ನು ಗ್ರೂಪಿನಿಂದ ತೆಗೆದಿರುವ ಕಾರಣ ಒಪ್ಪಿಕೊಳ್ಳಲು ಜಾಗವಿಲ್ಲ. ಒಪ್ಪಿಕೊಳ್ಳದ ಕಾರಣ ತಾವು ಸೇರಿಸುತ್ತಿಲ್ಲ. ತಾವು ಸೇರಿಸದ ಕಾರಣ ಅರ್ಜಿದಾರಳಿಗೆ ಒಪ್ಪಿಕೊಳ್ಳಲಾಗುತ್ತಿಲ್ಲ. ಕಡತ ಈ ರೀತಿ ಸುತ್ತುತ್ತ ಇದ್ದರೆ ಮಳೆಗಾಲ ಬಂದುಬಿಡುತ್ತದೆ.

ಆದ್ದರಿಂದ, ಅರ್ಜಿದಾರಳನ್ನು ಸದರಿ ಗ್ರೂಪಿಗೆ ಕೇವಲ ಎರಡು ನಿಮಿಷದ ಮಟ್ಟಿಗೆ ಸೇರಿಸಿಕೊಂಡು, ಲಗತ್ತು ಒಂದರಲ್ಲಿರುವುದನ್ನು ತನ್ನದೇ ದನಿಯಲ್ಲಿ, ನಗದೆ ಓದಿ ಹಾಕಲು ಅನುಮತಿ ನೀಡಬೇಕಾಗಿ ಕೋರಲಾಗಿದೆ. ನಂತರ ಪುನಃ ತೆಗೆದುಹಾಕಲು ಅರ್ಜಿದಾರಳ ಆಕ್ಷೇಪಣೆ ಇರುವುದಿಲ್ಲ. ಇರುತ್ತದೆ. ಆದರೆ ಸಲ್ಲಿಸುವುದಿಲ್ಲ.

ತಮ್ಮ (ವಿಶ್ವಾಸ ಏನಾದರೂ ಉಳಿದಿದ್ದಲ್ಲಿ) ವಿಶ್ವಾಸಿ,
ಸುಚಿತಾ

ಸ್ಥಳ: ತಮ್ಮ ಅಂಗಳ
ದಿನಾಂಕ: ಮೇ ಹದಿಮೂರು

ಲಗತ್ತುಗಳು:
1. ತಪ್ಪೊಪ್ಪಿಗೆಯ ಕರಡು, ಒಂದು ಪುಟ. (ಜಗದೀಶ ಸೇರಿಸಿದ ಎರಡು ಜೋಕುಗಳನ್ನು ಹೊಡೆದುಹಾಕಲಾಗಿದೆ.)
2. ಭಟ್ಕಳದ ಅಮ್ಮ "ನಿನ್ನ ಗೆಳತಿಗೆ" ಎಂದು ಅಂದೇ ಕಟ್ಟಿಕೊಟ್ಟ ಬಿರಿಯಾನಿಯ ಡಬ್ಬಿ, ಖಾಲಿ. ತಾವು ಹೊರಗೆ ಬಾರದ ಕಾರಣ, ಹಳಸಬಾರದೆಂದು, ಅರ್ಜಿದಾರಳೇ ಅಳುತ್ತ ತಿಂದಿದ್ದಾಳೆ.
3. ಕಾಯ್ಕಿಣಿಯ ಮೋಹನನ ತಾಯಿ ಸೋಮಜ್ಜಿಗೆ ಹೇಳಿಕಳಿಸಿದ ಕೋರಿಕೆ: ಬೀಜವಾದ ಮೇಲೆ ತನಗೂ ಒಂದು ಚಿಟಿಕೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಸೋಮಜ್ಜಿಯವರ ಕೈಯಲ್ಲಿ ಒಳಗೆ ಕಳಿಸಿ ಅರ್ಜಿದಾರಳು ಹೊರಗೇ ನಿಂತಿದ್ದಾಳೆ. ಬಾಯಿತುಂಬ ಬೈದು ತಿರಸ್ಕರಿಸಿದರೂ ನಡೆಯುತ್ತದೆ, ಬರೆದು ತಿಳಿಸುವುದು ಬೇಡ. ಒಂಬತ್ತು ದಿನದ್ದನ್ನು ಒಟ್ಟಿಗೆ ಬೈಯಲು ಬಹಳ ಹೊತ್ತು ತಗಲುವುದರಿಂದಲೂ, ಕಾಗಾಲದ ಕೊನೆಯ ಬಸ್ಸು ಆರೂವರೆಗೆ ಇರುವುದರಿಂದಲೂ, ದಯವಿಟ್ಟು ಬೇಗ ಹೊರಗೆ ಬಂದು ಶುರು ಮಾಡಬೇಕಾಗಿ ವಿನಂತಿ.