ಸಿಗಡಿ ಗೋದಾಮಿನಲ್ಲಿ ನಾರ್ವೆ ತಾಲೀಮು

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ತಯಾರಿಯಲ್ಲೇ ಹೆಚ್ಚು ಸುಖವಿದೆ ಎಂದು ನಂಬಿದವನು ನಾನು. ತಯಾರಿಯಲ್ಲಿ ಸೂಟ್‌ಕೇಸ್ ಕಳೆಯುವುದಿಲ್ಲ, ಕಾಲು ನೋಯುವುದಿಲ್ಲ, ಹೋಟೆಲಿನ ಬಿಸಿನೀರು ಕೈಕೊಡುವುದಿಲ್ಲ. ಈ ನಂಬಿಕೆಯಿಂದಾಗಿ ಕಳೆದ ಹತ್ತು ವರ್ಷಗಳಲ್ಲಿ ನಾನು ಕಾಶ್ಮೀರಕ್ಕೆ ಎರಡು ಸಲ, ಮನಾಲಿಗೆ ಒಂದು ಸಲ, ಲಕ್ಷದ್ವೀಪಕ್ಕೆ ಮೂರು ಸಲ, ತಿರುವನಂತಪುರದ ನಮ್ಮ ಕ್ವಾರ್ಟರ್ಸಿನ ಊಟದ ಮೇಜಿನಿಂದ ಏಳದೆಯೇ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ತಯಾರಿ ಮುಗಿಯುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ನನ್ನ ಹೆಂಡತಿ ವೀಣಾ ಇವನ್ನು ಪ್ರವಾಸವೆಂದು ಒಪ್ಪುವುದಿಲ್ಲ. "ಇವರು ಕಾಗದದಲ್ಲೇ ಊರು ಸುತ್ತೋರು" ಎಂದು ಬಂದವರ ಮುಂದೆ ಹೇಳಿ, ಕಾಫಿ ತರಲು ಒಳಗೆ ಹೋಗುತ್ತಾಳೆ.

ನನ್ನನ್ನು ಹೀಗೆ ಕೆಡಿಸಿದ್ದು ನನ್ನ ನೌಕರಿ. ಇಲ್ಲಿನ ಒಂದು ಕೇಂದ್ರ ಸಂಸ್ಥೆಯಲ್ಲಿ, ಆಕಾಶಕ್ಕೆ ಹೋಗಬೇಕಾದ ಯಂತ್ರಭಾಗಗಳಿಗೆ ಮೊದಲು ನೆಲದ ಮೇಲೆಯೇ ಹಿಂಸೆ ಕೊಟ್ಟು ನೋಡುವ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಇದ್ದೇನೆ. ಅವನ್ನು ಒಂದು ಮೇಜಿಗೆ ಬಿಗಿದು ಗಡಗಡ ಅಲ್ಲಾಡಿಸುತ್ತೇವೆ, ಕಾಯಿಸುತ್ತೇವೆ, ತಣ್ಣಗೆ ಕೊರೆಸುತ್ತೇವೆ. ಮೇಲೆ ಹೋದಾಗ ಎಷ್ಟು ಕಷ್ಟ ಬರಬಹುದೋ ಅದಕ್ಕಿಂತ ಒಂದು ಕೈ ಹೆಚ್ಚೇ ಕಷ್ಟವನ್ನು ಇಲ್ಲಿ ಕೊಡಬೇಕು ಎಂಬುದು ನಮ್ಮ ಪದ್ಧತಿ. ಪಾಸಾಗದ್ದು ಹೊರಡುವಂತಿಲ್ಲ, ಅಷ್ಟೆ. ಮನೆಗೆ ಬಂದರೂ ಈ ಬುದ್ಧಿ ಬಿಡಬೇಕಲ್ಲ. ಮಗಳು ಅನಘಾ ಶಾಲೆಗೆ ಸೇರಿದಾಗ ಟಿಫಿನ್ ಡಬ್ಬಿಗೆ ಸಾರು ತುಂಬಿ ಮೆಟ್ಟಿಲ ಮೇಲಿನಿಂದ ಉರುಳಿಸಿ ನೋಡಿದವನು ನಾನು. ನಾಲ್ಕನೆಯ ಡಬ್ಬಿ ಪಾಸಾಯಿತು. ಮೊದಲ ಮೂರು ಡಬ್ಬಿಗಳ ಸಾರನ್ನು ಮೆಟ್ಟಿಲಿನಿಂದ ಒರೆಸಿದವನೂ ನಾನೇ.

ಈ ಸಲ ಮಾತು ಬಂದದ್ದು ನಾರ್ವೆಯದು. ವೀಣಾ ಶಾಲೆಯಲ್ಲಿ ಭೂಗೋಳದ ಟೀಚರ್. ಎರಡು ಕಡೆ ಹಿಮ ಹೊದ್ದ ಬೆಟ್ಟ, ನಡುವೆ ಕಾಲುವೆಯ ಹಾಗೆ ಒಳಕ್ಕೆ ನುಗ್ಗಿ ಬಂದ ಸಮುದ್ರ, ಅದರಲ್ಲೊಂದು ಹಡಗು, ಈ ಚಿತ್ರವನ್ನು ಅವಳು ಪ್ರತಿ ವರ್ಷ ನೀಲಿ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆಯುತ್ತಾಳೆ. ಜನವರಿಯಲ್ಲಿ ಒಂದು ಸಂಜೆ ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕೂತಳು. "ರೀ, ಹದಿನೆಂಟು ವರ್ಷದಿಂದ ನೋಡದೇ ಇರೋದನ್ನ ಬರೀತಿದ್ದೀನಿ. ಇವತ್ತು ಒಬ್ಳು ಹುಡುಗಿ ಎದ್ದು, 'ಮಿಸ್, ನೀವು ನೋಡಿದ್ದೀರಾ?' ಅಂತ ಕೇಳಿದ್ಳು. ಇಲ್ಲಮ್ಮ ಅಂದೆ. ಪಾಪ, ಸುಮ್ನೆ ಕೂತ್ಕೊಂಡ್ಳು. ಅವಳು ಹಾಗೆ ಸುಮ್ನೆ ಕೂತದ್ದು ನನಗೆ ತಡಿಯೋಕಾಗ್ಲಿಲ್ಲ" ಎಂದಳು. ಮೇ ತಿಂಗಳ ರಜೆಯಲ್ಲಿ ಹೋಗೇಬಿಡುವುದು ಎಂದು ಆ ಸಂಜೆಯೇ ತೀರ್ಮಾನವಾಯಿತು. ತೀರ್ಮಾನ ಅವಳದು, ತಲೆಯಾಡಿಸಿದ್ದು ನಾನು.

ಹೊರಡುವವರು ಆರು ಮಂದಿ. ನಾವು ಮೂವರು, ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದ ಎಪ್ಪತ್ತೆರಡು ವರ್ಷದ ನನ್ನ ಅತ್ತೆ ಶಾರದಮ್ಮನವರು, ಕೊಚ್ಚಿಯಲ್ಲಿರುವ ನನ್ನ ಕಾಲೇಜು ಕಾಲದ ಗೆಳೆಯ ರೊನಾಲ್ಡ್ ಮತ್ತು ಅವನ ಹೆಂಡತಿ ಲವೀನಾ. ರೊನಾಲ್ಡ್ ಮಂಗಳೂರಿನವನು, ಸಿಗಡಿ ರಫ್ತು ಮಾಡುವ ಒಂದು ಕಂಪನಿಯಲ್ಲಿ ಗುಣಮಟ್ಟ ನೋಡುವ ಅಧಿಕಾರಿ. ಟ್ರಾವೆಲ್ಸಿನವರು ಹಡಗಿನಲ್ಲಿ ಮೂರು ಕೋಣೆ ಹಿಡಿದಿಟ್ಟು, ಫೆಬ್ರವರಿಯ ಒಂದು ಸೋಮವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಊಹೂಂ ಹೇಳಿಬಿಡಿ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದರು. ವೀಣಾ ನನ್ನ ಮುಖ ನೋಡಿದಳು. "ಇದೊಂದು ಸಲ ತಪ್ಪಿಸಬೇಡಿ" ಎಂದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು, ಬೈಯಲಿಲ್ಲ.

ಈಗ ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಹೇಳಿಬಿಡುತ್ತೇನೆ. ನನಗೆ ನೀರೆಂದರೆ ಭಯ. ಕುಡಿಯುವ ನೀರಲ್ಲ, ಮೇಲೆ ತೇಲಬೇಕಾದ ನೀರು. ಒಂಬತ್ತನೆಯ ವಯಸ್ಸಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸೋದರಮಾವನೊಬ್ಬ ನಮ್ಮನ್ನು ಹರಿಗೋಲಿನಲ್ಲಿ ಕೂರಿಸಿ, ಮಕ್ಕಳಿಗೆ ಖುಷಿಯಾಗಲೆಂದು ನಡುಹೊಳೆಯಲ್ಲಿ ಗಿರಗಿರ ತಿರುಗಿಸಿಬಿಟ್ಟ. ಉಳಿದ ಮಕ್ಕಳಿಗೆ ಖುಷಿಯಾಯಿತು. ನನಗೆ ಆ ಗಿರಗಿರ ಇನ್ನೂ ನಿಂತಿಲ್ಲ. ಲಕ್ಷದ್ವೀಪದ ಪ್ರವಾಸ ಮೂರು ಸಲ ಬಿದ್ದುಹೋದದ್ದು ಪರವಾನಗಿಯ ತೊಂದರೆಯಿಂದ ಎಂದು ಮನೆಯವರು ತಿಳಿದಿದ್ದರು, ಅಥವಾ ಹಾಗೆಂದು ನಾನು ತಿಳಿದಿದ್ದೆ. ದಿನವಿಡೀ ಕಬ್ಬಿಣವನ್ನು ಗಡಗಡ ಅಲ್ಲಾಡಿಸುವ ಮನುಷ್ಯ ದೋಣಿ ಅಲ್ಲಾಡುತ್ತದೆ ಎಂದು ಹೆದರಿದರೆ ಆಫೀಸಿನಲ್ಲಿ ಮರ್ಯಾದೆ ಉಳಿಯುತ್ತದೆಯೇ? ಅದಕ್ಕಾಗಿ ನಾನು ನೀರಿನ ಮಾತೆತ್ತದೆ ಚಳಿಯನ್ನು ಹಿಡಿದುಕೊಂಡೆ. ನಮ್ಮ ಪದ್ಧತಿಯಂತೆ ಎಲ್ಲರೂ ಚಳಿಯ ಪರೀಕ್ಷೆಯಲ್ಲಿ ಪಾಸಾಗಬೇಕು, ಒಬ್ಬರು ಫೇಲಾದರೂ ಹೊರಡುವಂತಿಲ್ಲ ಎಂದು ಸಾರಿದೆ. ಮನಸ್ಸಿನಲ್ಲಿ ಇದ್ದದ್ದು ಅತ್ತೆ. ತಿರುವನಂತಪುರದಲ್ಲಿ ಫ್ಯಾನು ಮೂರಕ್ಕೆ ಹೋದರೆ ಸೆರಗು ಹೊದೆಯುವ ಜೀವ ಅದು. ಅವರು "ನನ್ನ ಕೈಲಾಗಲ್ಲಪ್ಪ" ಎಂದರೆ ಸಾಕು, ಪ್ರವಾಸ ನಿಲ್ಲುತ್ತದೆ, ನಾನು ನಿರಪರಾಧಿ. ಹೆಂಡತಿಯ ಹದಿನೆಂಟು ವರ್ಷದ ಆಸೆಗೆ ಅತ್ತೆಯ ಹೆಗಲ ಮೇಲೆ ಬಂದೂಕಿಟ್ಟು ಗುಂಡು ಹೊಡೆಯಲು ಹೊರಟ ಅಳಿಯ ನಾನು. ನೆನೆದರೆ ನಾಚಿಕೆಯಾಗುತ್ತದೆ.

ಚಳಿಗೆ ಮೊದಲು ಬಟ್ಟೆ ಬೇಕಲ್ಲ. ಚಾಲಾ ಪೇಟೆಯಲ್ಲಿ ಅರ್ಧ ದಿನ ಅಲೆದೆವು. ಫೆಬ್ರವರಿಯ ಬಿಸಿಲಿನಲ್ಲಿ ಉಣ್ಣೆಯ ಕೋಟು ಕೇಳಿದ್ದಕ್ಕೆ ಅಂಗಡಿಯವನು ಕನಿಕರದಿಂದ ನೋಡಿ, "ಸಾರೇ, ಮೂನ್ನಾರಿಲೇಕ್ಕಾಣೋ?" ಎಂದ, ಮೂನ್ನಾರಿಗೆ ಹೊರಟಿರಾ ಎಂದು. ಅವನ ಮಟ್ಟಿಗೆ ಚಳಿಯ ಲೋಕ ಮೂನ್ನಾರಿಗೆ ಮುಗಿಯುತ್ತದೆ. ಅಲ್ಲಿಂದಲೂ ತುಂಬಾ ಮೇಲೆ ಎಂದೆ. ಒಳಗೆ ಹೋಗಿ ಧೂಳು ಕೊಡವಿ ಒಂದು ಮಂಕಿ ಕ್ಯಾಪ್ ತಂದ. ಅತ್ತೆ ಅದನ್ನು ಅಂಗಡಿಯಲ್ಲೇ ಹಾಕಿಕೊಂಡು, ಕನ್ನಡಿ ನೋಡಿಕೊಂಡು, "ಚೆನ್ನಾಗಿದೆ ಕಣೆ, ಕಿವಿ ಬೆಚ್ಚಗಿದೆ" ಎಂದರು. ನನಗೆ ಸ್ವಲ್ಪ ಎದೆ ಧಸಕ್ಕೆಂದಿತು.

ಪರೀಕ್ಷೆಗೆ ಚಳಿ ಎಲ್ಲಿ ಸಿಗಬೇಕು? ರೊನಾಲ್ಡನ ಕಂಪನಿಯ ಶೀತಲ ಗೋದಾಮಿನಲ್ಲಿ. ತೋಪ್ಪುಂಪಡಿಯ ಕಡೆ, ಸಿಗಡಿಯ ಪೆಟ್ಟಿಗೆಗಳನ್ನು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಪೇರಿಸಿಡುವ ಜಾಗ. "ಎಂತ ಮಾರಾಯ ನೀನು, ಮೇ ತಿಂಗಳಲ್ಲಿ ಅಲ್ಲಿ ಎಂಟು ಹತ್ತು ಡಿಗ್ರಿ ಉಂಟಂತೆ. ನಾರ್ವೆಯವರೇ ಇಷ್ಟು ಚಳಿಗೆ ಹೊರಗೆ ಬರ್ಲಿಕ್ಕಿಲ್ಲ" ಎಂದು ಅವನು ಫೋನಿನಲ್ಲಿ ನಕ್ಕ. ಒಂದು ಕೈ ಹೆಚ್ಚಿಗೆ ಇರಬೇಕಪ್ಪಾ, ಅದು ಪದ್ಧತಿ ಎಂದೆ. ಪಾಪ, ಮೇಲಿನವರ ಅನುಮತಿ ತೆಗೆದುಕೊಂಡು ಭಾನುವಾರ ಬನ್ನಿ ಎಂದ. ಸೋಮವಾರದ ಗಡುವಿಗೆ ಒಂದೇ ದಿನ ಮೊದಲು.

ಬೆಳಗಿನ ರೈಲು ಹಿಡಿದು ಎರ್ನಾಕುಳಂ ತಲುಪಿ, ಸೇತುವೆ ದಾಟಿ ಕಾರಿನಲ್ಲಿ ಗೋದಾಮಿಗೆ ಹೋದೆವು. ಅಲ್ಲಿ ನಮಗೆಲ್ಲ ದಪ್ಪ ಕೋಟು, ಗಮ್ ಬೂಟು, ತಲೆಗೊಂದು ಬಲೆ ಕೊಟ್ಟರು. ಅತ್ತೆ ಸೀರೆಯ ಮೇಲೆ ಕೋಟು, ಅದರ ಮೇಲೆ ಮಂಕಿ ಕ್ಯಾಪು, ಕ್ಯಾಪಿನ ಮೇಲೆ ಬಲೆ ಹಾಕಿಕೊಂಡು ಬಾಗಿಲ ಮುಂದೆ ನಿಂತರು. ನಾನು ಕೊನೆಯ ಪ್ರಯತ್ನ ಮಾಡಿದೆ. "ಅತ್ತೆ, ಒಳಗೆ ಇರೋದೆಲ್ಲ ಮೀನು, ಸಿಗಡಿ. ನಿಮಗೆ ಮಡಿ ಮೈಲಿಗೆ ಅಂತ ಏನಾದ್ರೂ ಇದ್ರೆ ಸಂಕೋಚ ಬೇಡ, ಬಿಟ್ಟುಬಿಡೋಣ" ಎಂದೆ. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವರು ಅವರು. ಅತ್ತೆ ಬಾಗಿಲ ಸಂದಿಗೆ ಮೂಗು ಹಿಡಿದು ಒಂದು ಸಲ ಎಳೆದುಕೊಂಡರು. "ವಾಸನೆ ಇಲ್ವಲ್ಲ ಅಳಿಯಂದ್ರೆ. ಹೆಪ್ಪುಗಟ್ಟಿದ್ದಕ್ಕೆ ವಾಸನೆ ಇಲ್ಲ, ವಾಸನೆ ಇಲ್ಲದ್ದಕ್ಕೆ ಮೈಲಿಗೆ ಎಲ್ಲಿಂದ ಬರುತ್ತೆ? ನಡೀರಿ" ಎಂದು ನನಗಿಂತ ಮುಂಚೆ ಒಳಗೆ ನಡೆದರು.

ಹತ್ತು ನಿಮಿಷ ಎಂದು ನಿಗದಿ ಮಾಡಿದ್ದೆ. ಮೂರನೆಯ ನಿಮಿಷಕ್ಕೆ ನನ್ನ ಮೀಸೆ ಗಟ್ಟಿಯಾಯಿತು. ಲವೀನಾ ಕುಣಿಯುತ್ತಾ ಹಾಡು ಹೇಳುತ್ತಿದ್ದಳು. ಅನಘಾ ಉಸಿರಿನ ಹೊಗೆ ಬಿಟ್ಟು ಅದರ ಫೋಟೊ ತೆಗೆಯುತ್ತಿದ್ದಳು. ಅತ್ತೆ ಗೋದಾಮಿನ ಆ ತುದಿಯಿಂದ ಈ ತುದಿಯವರೆಗೆ ಪೆಟ್ಟಿಗೆಗಳ ನಡುವೆ ಪ್ರದಕ್ಷಿಣೆ ಹಾಕುತ್ತಾ ರೊನಾಲ್ಡನನ್ನು ವಿಚಾರಿಸುತ್ತಿದ್ದರು: "ಇಷ್ಟೂ ಯಾರಪ್ಪಾ ತಿಂತಾರೆ?" "ಜಪಾನಿನವರು ತಿಂತಾರೆ ಅಮ್ಮ." "ತಿನ್ನಲಿ ಪಾಪ, ಅವರಿಗೆ ಸಾರು ಮಾಡೋಕೆ ಹುಣಸೆಹಣ್ಣು ಸಿಗಲ್ವೇನೋ." ವೀಣಾ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಏನು, ತಲೆ ಸುತ್ತುತ್ತಿದೆಯಾ ಎಂದು ಆಸೆಯಿಂದಲೇ ಕೇಳಿದೆ. "ಇಲ್ಲಾರಿ, ಹಡಗಿನ ಮೇಲೆ ಹೀಗೇ ಇರುತ್ತಲ್ವಾ ಅಂತ ನೋಡ್ತಿದ್ದೆ" ಎಂದಳು. ಅವಳ ಮುಖದ ಮೇಲಿದ್ದ ಸಂತೋಷ ಕಂಡು ನಾನು ಗಡಿಯಾರದ ಕಡೆ ತಿರುಗಿಕೊಂಡೆ. ಹತ್ತು ನಿಮಿಷ ಕಳೆದು ಬಾಗಿಲು ತೆರೆದಾಗ ಅತ್ತೆಯನ್ನು ಕರೆದುಕೊಂಡು ಬರಲು ಎರಡು ಸಲ ಹೇಳಿ ಕಳಿಸಬೇಕಾಯಿತು.

ಎಲ್ಲರೂ ಪಾಸು. ನಾನೂ ಹಲ್ಲು ಕಡಿಯುತ್ತಾ ಪಾಸು. ಹೊರಗೆ ಬಂದು ಚಹಾ ಕುಡಿಯುವಾಗ ಅನಘಾ ನನ್ನ ಪಟ್ಟಿಯನ್ನು ಓದುತ್ತಿದ್ದಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ನಾವು ಕನ್ನಡದಲ್ಲಿ ಕೇಳಿದರೂ ಅವಳು ಉತ್ತರ ಕೊಡುವುದು ಮಲಯಾಳದಲ್ಲಿ. "ಅಪ್ಪಾ, ಲಿಸ್ಟಿಲ್ ವೆಳ್ಳಂ ಎವಿಡೆ?" ಎಂದಳು. ಹಡಗಿನ ಪ್ರವಾಸಕ್ಕೆ ಮಾಡಿದ ಪಟ್ಟಿಯಲ್ಲಿ ಚಳಿ ಇದೆ, ಬೂಟು ಇದೆ, ವೀಸಾ ಇದೆ, ನೀರು ಎಲ್ಲಿ ಎಂಬುದು ಅವಳ ಪ್ರಶ್ನೆ. ಹದಿನಾಲ್ಕು ವರ್ಷದ ಮಗಳು ಕೇಳಿದ ಪ್ರಶ್ನೆಯನ್ನು ನಮ್ಮ ಆಫೀಸಿನ ಪರಿಶೀಲನಾ ಸಮಿತಿಯವರೂ ಕೇಳಿರಲಾರರು ಎಂದು ನಾನು ಹೆಮ್ಮೆಪಡಬೇಕಿತ್ತು. ಅದರ ಬದಲು ಚಹಾ ನೆತ್ತಿಗೇರಿತು. "ಹೌದಲ್ಲ ಮಾರಾಯ" ಎಂದು ರೊನಾಲ್ಡ್ ಎದ್ದೇಬಿಟ್ಟ. "ಮಟ್ಟಾಂಚೇರಿಯಿಂದ ಎರ್ನಾಕುಳಂಗೆ ದೋಣಿ ಉಂಟು. ಹೇಗೂ ವಾಪಸ್ ಹೋಗ್ಬೇಕಲ್ಲ, ಅದ್ರಲ್ಲೇ ಹೋಗುವ."

ಪರೀಕ್ಷೆ ಬೇಡವೆನ್ನುವಂತಿರಲಿಲ್ಲ, ಪದ್ಧತಿ ನನ್ನದೇ. ಇಪ್ಪತ್ತು ನಿಮಿಷದ ದಾರಿ. ಹಿನ್ನೀರು ತಟ್ಟೆಯಲ್ಲಿಟ್ಟಷ್ಟು ಸಮ. ದೋಣಿಯಲ್ಲಿ ಭಾನುವಾರದ ಟ್ಯೂಷನ್ ಮುಗಿಸಿ ಬಂದ ಶಾಲೆಯ ಹುಡುಗಿಯರು, ಅಕ್ಕಿ ಮೂಟೆ, ಒಂದು ಸೈಕಲ್. ಯಾರಿಗೂ ಅದು ನೀರಿನ ಮೇಲಿದೆ ಎಂಬ ಪರಿವೆಯೇ ಇದ್ದಂತಿರಲಿಲ್ಲ. ಚಾಲಕ ಗಂಟೆ ಬಾರಿಸಿದ, ಹಗ್ಗ ಬಿಚ್ಚಿದರು, ದೋಣಿ ದಡ ಬಿಟ್ಟು ಒಂದೇ ಒಂದು ಸಲ ಆ ಕಡೆಗೆ ವಾಲಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನೋಡಿದವರು ಹೇಳಿದ್ದು ಇಷ್ಟು: ನಾನು ಒಂದು ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡೆ, ಹಾಗೇ ಜಾರಿ ನೆಲದ ಮೇಲೆ ಕೂತೆ, ನೀರು ಎಷ್ಟು ಆಳವಿದೆ ಎಂದು ಶಾಲೆಯ ಹುಡುಗಿಯೊಬ್ಬಳನ್ನು ಇಂಗ್ಲಿಷಿನಲ್ಲಿ ಕೇಳಿದೆ. ನೆನಪಿರುವುದು ಪಕ್ಕದಲ್ಲಿದ್ದ ಮೀನು ಮಾರುವ ಮುದುಕಿ. ಆಕೆ ಖಾಲಿ ಬುಟ್ಟಿಯನ್ನು ಸರಿಸಿ ಜಾಗ ಮಾಡಿ, ನನ್ನ ಬೆನ್ನು ಸವರಿ, "ಪೇಡಿಕ್ಕೇಂಡ ಮೋನೇ" ಎಂದಳು. ಹೆದರಬೇಡ ಮಗನೇ. ನಲವತ್ತೊಂಬತ್ತು ವರ್ಷದ, ಅರ್ಧ ತಲೆ ಬೋಳಾದ ಮಗ ನಾನು, ಆಕೆಯ ಮೊಣಕಾಲಿಗೆ ಒರಗಿ ಎರ್ನಾಕುಳಂ ತಲುಪಿದೆ. ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ತುಂಬಾ ಚೆಂದ ಕಾಣುತ್ತಿದ್ದವಂತೆ.

ಜೆಟ್ಟಿಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಹರಿಗೋಲು, ಲಕ್ಷದ್ವೀಪ, ಅತ್ತೆಯನ್ನು ಫೇಲು ಮಾಡಲು ಹಾಕಿದ ಹೊಂಚು, ಒಂದನ್ನೂ ಬಿಡಲಿಲ್ಲ. ರೊನಾಲ್ಡ್ ಮತ್ತು ಲವೀನಾ ಸೋಡಾ ತರುವ ನೆಪದಲ್ಲಿ ದೂರ ಹೋದರು. ಅತ್ತೆ ಮಂಕಿ ಕ್ಯಾಪನ್ನು ಮಡಚಿ ಚೀಲಕ್ಕೆ ಹಾಕುತ್ತಾ, "ಅಷ್ಟಕ್ಕೆ ನನ್ನನ್ನ ಯಾಕೆ ಸಿಗಡಿ ಮಧ್ಯೆ ನಿಲ್ಲಿಸಿದ್ರಿ, ಬಾಯಿ ಬಿಟ್ಟು ಹೇಳಬಾರ್ದಿತ್ತೆ?" ಎಂದರು. ನಾನು ವೀಣಾಳ ಕಡೆ ತಿರುಗಿ ಹೇಳಿದೆ: "ನಾನು ಫೇಲಾದೆ. ನೀವು ಐವರು ಹೋಗಿ ಬನ್ನಿ. ನಾಳೆ ನಾನೇ ಫೋನು ಮಾಡಿ ಹೂಂ ಹೇಳ್ತೀನಿ." ಇದು ಅವಳಿಗಾಗಿ ನಾನು ಮಾಡಿದ ಮೊದಲ ಪ್ರಾಮಾಣಿಕ ತಯಾರಿ ಇರಬೇಕು.

"ನೀರಿಗೆ ಹೆದರ್ತೀರಿ ಅಂತ ಮದುವೆಯಾದ ವರ್ಷವೇ ಗೊತ್ತಾಯ್ತು" ಎಂದಳು ವೀಣಾ. "ಕೊಚ್ಚಿಗೆ ಬಂದಾಗಲೆಲ್ಲ ಊರು ಸುತ್ತಿ ಸೇತುವೆ ಹುಡುಕ್ತೀರಿ. ನೀವಾಗೇ ಹೇಳ್ತೀರೇನೋ ಅಂತ ಇಪ್ಪತ್ತು ವರ್ಷ ಕಾದೆ, ಅಷ್ಟೆ. ಮೊನ್ನೆ ಗುರುವಾರವೇ ಹೂಂ ಅಂತ ಹೇಳಿ ಆಯ್ತು. ನಿಮಗೂ ರೊನಾಲ್ಡ್ ಅವರಿಗೂ ಸೇರಿ ಹಡಗಿನ ಹೊಟ್ಟೆಯೊಳಗೆ, ಮಧ್ಯದಲ್ಲಿ, ಕಿಟಕಿ ಇಲ್ಲದ ಕೋಣೆ. ಅಲ್ಲಿ ಅಲ್ಲಾಡೋದು ಕಮ್ಮಿಯಂತೆ. ನೀರೂ ಕಾಣಲ್ಲ. ಬೆಟ್ಟ ಬಂದಾಗ ಬಂದು ಕರೀತೀನಿ, ನನ್ನ ಕೈ ಹಿಡ್ಕೊಂಡು ಒಂದೈದು ನಿಮಿಷ ನೋಡಿ ಒಳಗೆ ಹೋಗಿ." ಜೆಟ್ಟಿಯ ಮೇಲಿನ ಜನರೆಲ್ಲ ನೋಡುತ್ತಿದ್ದರೂ ನನಗೆ ಅವಳನ್ನು ತಬ್ಬಿಕೊಳ್ಳಬೇಕು ಎನಿಸಿತು. ಕಂಬ ತಬ್ಬಿದ್ದನ್ನು ಈಗಾಗಲೇ ಎಲ್ಲರೂ ನೋಡಿದ್ದರಿಂದ ಸುಮ್ಮನಾದೆ.

ಸಂಜೆಯ ರೈಲಿನಲ್ಲಿ ತಿರುವನಂತಪುರಕ್ಕೆ ಹಿಂದಿರುಗುವಾಗ ಪರೀಕ್ಷೆಯ ಫಲಿತಾಂಶ ಬರೆಯಲು ಕೂತೆ. ಮಾಡಿದ ಮೇಲೆ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಐವರ ಹೆಸರಿನ ಮುಂದೆ ಪಾಸು ಎಂದು ಬರೆದು, ನನ್ನ ಹೆಸರಿನ ಮುಂದೆ ಫೇಲು ಎಂದು ಬರೆದೆ. ವೀಣಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಪಕ್ಕದಲ್ಲಿ, ಉತ್ತರ ಪತ್ರಿಕೆ ತಿದ್ದುವ ಅವಳ ದುಂಡು ಅಕ್ಷರದಲ್ಲಿ ಷರಾ ಬರೆದಳು: "ಲೋಪ ಮೊದಲಿಂದಲೂ ಗೊತ್ತಿದೆ. ರಿಪೇರಿ ಆಗುವಂಥದ್ದಲ್ಲ. ಬದಲಿ ಬೇಡ. ಇದ್ದ ಹಾಗೇ ಕಳಿಸಬಹುದು." ಕೆಳಗೆ ಸಹಿ ಹಾಕಿ ನನ್ನ ಕಡೆ ತಳ್ಳಿದಳು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಎಷ್ಟೋ ಷರಾಗಳಲ್ಲಿ ನಾನು ತಪ್ಪು ಹುಡುಕಿ ವಾಪಸ್ ಕಳಿಸಿದ್ದೇನೆ. ಇದನ್ನು ಎರಡು ಸಲ ಓದಿದೆ, ಒಂದು ಪದವನ್ನೂ ತಿದ್ದಲಾಗದೆ ಸಹಿ ಹಾಕಿದೆ.