ತಲೆಕೆಳಗಾದ ಮದುವೆ

"ಈ ಹಳೇ ಸಿ.ಡಿ. ಅಂಗಡಿಯವನ ಕೈಗೆ ಯಾಕ ಕೊಡಬೇಕು? ನಾನಿಲ್ಲೇನು?" ಎಂದು ಗಾದಿಲಿಂಗ ಶರ್ಟಿನ ತೋಳು ಮಡಚಿದ.

ಸಂಡೂರಿನ ಗಣಿಯೊಂದರಲ್ಲಿ ಅದಿರು ಲಾರಿಗಳ ತೂಕವನ್ನು ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ. ಹಾಗಾಗಿ ಹೊಸಪೇಟೆಯ ತನ್ನ ಮನೆಯ ಹಳೇ ಕಂಪ್ಯೂಟರು ಕಟ್ಟಿಹಾಕಿದ ಎಮ್ಮೆಯಷ್ಟೇ ಸಾಧುಪ್ರಾಣಿ ಎಂದು ಅವನು ನಂಬಿದ್ದ.

ಆ ಭಾನುವಾರ ಅತ್ತೆ ನೀಲಗಂಗಮ್ಮ ತಮ್ಮೂರು ಮೆಟ್ರಿಯಿಂದ ಬಸ್ಸು ಹತ್ತಿದ್ದರು. ಗಾದಿಲಿಂಗನ ಮದುವೆಯ ವಿಡಿಯೊ ಸಿ.ಡಿ. ಹದಿನೆಂಟು ವರ್ಷಗಳ ಮೇಲೆ ಟ್ರಂಕಿನ ತಳದಲ್ಲಿ ಸಿಕ್ಕಿತ್ತು. ಅದರಲ್ಲಿ ಮಾವ ಹಂಪಯ್ಯ ಓಡಾಡಿದ್ದರು, ಮಾತಾಡಿದ್ದರು. ಅವರು ಹೋಗಿ ಆರು ವರ್ಷ; ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಸಿ.ಡಿ. ಹಾಕಿದೊಡನೆ ವಾಲಗ ಮೊಳಗಿತು. ಪರದೆ ಮಾತ್ರ ಅಮಾವಾಸ್ಯೆ! ಕೋಡೆಕ್ ಇಲ್ಲವೆಂದು ಕಂಪ್ಯೂಟರು ಕೈಯೆತ್ತಿತು.

"ಹಂಗಂದ್ರ ಏನ್ರೀ?" ಹೆಂಡತಿ ಅನುಸೂಯಾ ಕೇಳಿದಳು.

"ವಿಡಿಯೊ ಗಂಟು ಕಟ್ಟಿ ಇಟ್ಟಿರ್ತಾರ. ಗಂಟು ಬಿಚ್ಚಾಕ ಅದು ಬೇಕು. ಐದು ನಿಮಿಷದ ಕೆಲಸ!"

ಐದು ನಿಮಿಷ ಎರಡು ತಾಸಾಯಿತು. ಜಗತ್ತಿನ ಕೋಡೆಕ್ಕುಗಳನ್ನೆಲ್ಲ ಒಂದೇ ಮೂಟೆಯಾಗಿ ಇಳಿಸಿಕೊಂಡ ಗಾದಿಲಿಂಗ, ಕಂಪ್ಯೂಟರು ಕೇಳಿದ ಪ್ರಶ್ನೆಗಳಿಗೆಲ್ಲ ಓದದೆಯೇ 'ಒಪ್ಪಿದೆ' ಒತ್ತಿದ. ಕೊನೆಗೂ ಚಿತ್ರ ಬಂತು!

ಬಂದದ್ದು ತಲೆಕೆಳಗಾಗಿ. ಮದುಮಕ್ಕಳು ಹಂಪಿಯ ಗುಡಿಯ ಬಾವಲಿಗಳಂತೆ ಜೋತುಬಿದ್ದಿದ್ದರು.

"ಮದುವಿ ಆದಮ್ಯಾಗ ಹಿಂಗಾತು ಅನ್ಕೊಂಡಿದ್ದೆ," ಎಂದಳು ಅನುಸೂಯಾ. "ಅವತ್ತೇ ಆಗಿತ್ತೇನು!"

ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ಗಾಬರಿಯಾದ ಗಾದಿಲಿಂಗ ಮಹಾ ನಿರ್ಧಾರವೊಂದನ್ನು ಕೈಗೊಂಡ. ಮಾನಿಟರನ್ನೇ ಎತ್ತಿ ತಲೆಕೆಳಗು ಮಾಡಿ, ಎರಡು ದಿಂಬುಗಳ ನಡುವೆ ಸಿಕ್ಕಿಸಿಬಿಟ್ಟ! ಎಲ್ಲರೂ ಕಾಲ ಮೇಲೆ ನಿಂತರು. ಆದರೆ ದನಿ ನಿಂತುಹೋಯಿತು.

ನೀಲಗಂಗಮ್ಮ ಬಂದು ಕುಳಿತು, ಕನ್ನಡಕ ಏರಿಸಿ ನೋಡಿದರು.

"ಯವ್ವಾ ಅನುಸೂಯಾ, ನಿನ್ನ ಗಂಡ ಎಡಗೈಲೆ ಪೇಡೆ ತಿನಸಾಕತ್ಯಾನಲ್ಲೇ!"

"ಎಡ ಬಲ ಅದಲುಬದಲು ಆಗೈತ್ರಿ ಅತ್ತೀ. ಮೊದಲು ದನಿ ಬರಲಿ, ತಡೀರಿ," ಎಂದು ಗಾದಿಲಿಂಗ ದನಿಗೊಂದು ಕೋಡೆಕ್ ಹುಡುಕತೊಡಗಿದ. ಒಂದು ಹಾಕಿದ, ಎರಡು ತೆಗೆದ. ಬೆವರು ಬಂತೇ ಹೊರತು ದನಿ ಬರಲಿಲ್ಲ.

"ಇರ್ಲಿ ಬಿಡ್ರಿ ಅಳಿಯಾರ, ನನಗ ಎಲ್ಲಾ ನೆನಪೈತಿ," ಎಂದ ನೀಲಗಂಗಮ್ಮ ಮೂಕಿಯಾದ ಮದುವೆಗೆ ತಾವೇ ಮಾತು ಹಾಕತೊಡಗಿದರು. "ಹಾಂ, ಇಲ್ಲಿ ಮೈಕ್ ಕೆಟ್ಟಿತ್ತು. ಮದುಮಗ ಬಾಸಿಂಗ ಕಟ್ಕೊಂಡೇ ರಿಪೇರಿಗೆ ಎದ್ದ. ನೋಡ್ರಿ, ವಯರ್ ಹಿಡದಾನ! ಇಡೀ ಪೆಂಡಾಲಿನ ಕರೆಂಟ್ ಹೋತು. ಆಗ ಇವ್ರು ಕ್ಯಾಮೆರಾ ಮುಂದನ ನನಗ ಏನಂದ್ರು ಗೊತ್ತೇನು? 'ನೀಲಾ, ಹುಡುಗ ಬಂಗಾರದಂಥಾವ. ಆದ್ರ ಕೆಟ್ಟದ್ದು ಏನೂ ಇವನ ಕೈಯಾಗ ಕೊಡಬ್ಯಾಡ!'"

ಅನುಸೂಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಾವಾರು ಹಂಗ ಅಂದಿರಾಕ ಸಾಧ್ಯನ ಇಲ್ಲ!" ಗಾದಿಲಿಂಗ ಎದ್ದು ನಿಂತ. "ನೀವೇ ಕಟ್ಟಿ ಹೇಳ್ತೀರಿ ಅತ್ತೀ. ದನಿ ಬರಲಿ, ಗೊತ್ತಾಕ್ಕತಿ!"

ನಗು ತಡೆಯಲಾರದೆ ಬಗ್ಗಿದ ಅನುಸೂಯಾಳಿಗೆ ಮೇಜಿನ ಹಿಂದೆ ಏನೋ ನೇತಾಡುತ್ತಿರುವುದು ಕಂಡಿತು. ಸ್ಪೀಕರಿನ ವಯರು! ಮಾನಿಟರ್ ತಿರುಗಿಸುವಾಗ ಕಿತ್ತುಬಂದಿತ್ತು. ವಿಡಿಯೊವನ್ನು ಸ್ವಲ್ಪ ಹಿಂದಕ್ಕೋಡಿಸಿ ವಯರನ್ನು ತೂತಿಗೆ ಒತ್ತಿದಳು. ಕರೆಂಟು ಹೋಗಿ ಗಪ್ಪಾದ ಪೆಂಡಾಲಿನೊಳಗಿಂದ, ಆರು ವರ್ಷಗಳ ಮೇಲೆ, ಹಂಪಯ್ಯನವರ ದಪ್ಪ ದನಿ ಕೋಣೆ ತುಂಬಿತು:

"ನೀಲಾ, ಹುಡುಗ ಬಂಗಾರದಂಥಾವ. ಆದ್ರ ಕೆಟ್ಟದ್ದು ಏನೂ ಇವನ ಕೈಯಾಗ ಕೊಡಬ್ಯಾಡ!"

ನೀಲಗಂಗಮ್ಮನವರ ಕಣ್ಣು ತುಂಬಿತು. ಆದರೆ ಬಾಯಿ ನಗುತ್ತಿತ್ತು. "ಹೂಂ ರೀ," ಎಂದರು ಪರದೆಗೆ, ಗಂಡ ಅಲ್ಲೇ ಕುಳಿತಿದ್ದಾರೆ ಎಂಬಂತೆ.

ಗಾದಿಲಿಂಗ ಮೆಲ್ಲಗೆ ಮಾನಿಟರಿನತ್ತ ಕೈ ಚಾಚಿದ. "ಇದನ್ನೂ ನೆಟ್ಟಗ ಮಾಡಿಬಿಡ್ತೀನ್ರಿ..."

"ಮುಟ್ಟಬ್ಯಾಡ್ರಿ!" ತಾಯಿ ಮಗಳು ಒಟ್ಟಿಗೇ ಕೂಗಿದರು.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ತನ್ನ ಮದುವೆಯನ್ನು ಕೊನೆಯವರೆಗೂ ನೋಡಿದ.